ಬಂಡೆ ಬಿರಿಸುವ ಎಣ್ಣೆ, ಬಂಡೆ ಬಿರಿಸುವ ನೀರು



ಚನ್ನರಾಯಪಟ್ಟಣದಿಂದ ಒಂದಷ್ಟು ಒಳಕ್ಕೆ, ಗರಿ ಜೋತುಬಿದ್ದು ಒಣಗುತ್ತಿದ್ದ ಒಂದು ತೆಂಗಿನ ತೋಟದಲ್ಲಿ ಅದರ ಯಜಮಾನರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಕೊಳವೆಬಾವಿ ಕೊರೆಸಿದ ದಿನ ಎರಡು ಇಂಚು ನೀರು ಬಂದಿತ್ತು. ಈಗ ಅರ್ಧ ಇಂಚಿಗೆ ಇಳಿದಿತ್ತು. ಮೋಟರು ಹಾಕಿ ಹತ್ತು ನಿಮಿಷಕ್ಕೆ ಪೈಪಿನಲ್ಲಿ ಬರೀ ಗಾಳಿ. "ಸ್ವಾಮಿ, ನನ್ ಮಗ ಫೋನಲ್ಲಿ ನೋಡ್ದನಂತೆ. ಅಮೆರಿಕದಲ್ಲಿ ಬಾವಿಗೆ ಡೀಸೆಲ್ ಬಿಟ್ಟು, ಪಂಪಲ್ಲಿ ಒತ್ತಿ, ಒಳಗಿರೋ ಬಂಡೇನೇ ಬಿರಿಸ್ತಾರಂತೆ. ಒಂದು ಡ್ರಮ್ ಡೀಸೆಲ್ ತರಿಸೋಕೆ ನಾನು ತಯಾರಿದೀನಿ. ನಮ್ ಬೋರಿಗೂ ಹಂಗೆ ಮಾಡಬಹುದಾ?"

"ಬೇಡ ಯಜಮಾನ್ರೇ, ದಯವಿಟ್ಟು ಬೇಡ" ಎಂದೆ. ಯಾಕೆ ಎಂದರು. ತೋಟದ ಬದುವಿನ ಮೇಲೆ ನಿಂತು ನಾನು ಹೇಳಿದ ನಾಲ್ಕು ಮಾತು ಅವರಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಯಾಕೆಂದರೆ ಹುಡುಗ ನೋಡಿದ್ದು ಸುಳ್ಳಲ್ಲ. ಎಣ್ಣೆ ಬಾವಿಗಳಲ್ಲಿ ಎಣ್ಣೆಯನ್ನೇ ಒತ್ತಿ ಬಂಡೆ ಬಿರಿಸುವ ವಿದ್ಯೆ ಎಪ್ಪತ್ತೈದು ವರ್ಷಕ್ಕೂ ಹಳೆಯದು, ಮತ್ತು ಅದರ ಹಿಂದೆ ಒಳ್ಳೆಯ ತರ್ಕವೂ ಇದೆ. ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು ಎಂಬುದನ್ನು ಬಿಡಿಸಿ ಹೇಳಬೇಕು. ಈ ಹೊತ್ತಿನ ನನ್ನ ಮಾತು ಆ ಯಜಮಾನರಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರ.

ಮೊದಲು ನಮ್ಮ ಕಾಲಡಿಯ ಕಲ್ಲಿನ ಸಂಗತಿ. ನಾನು ಗೊರೂರಿನವನು. ಹೇಮಾವತಿಯ ದಡದ ನಮ್ಮೂರನ್ನು ನಾಡಿನ ಜನ ಬಲ್ಲದ್ದು ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರಿಂದ. ಆಮೇಲೆ 1979ರಲ್ಲಿ ಮುಗಿದ ಅಣೆಕಟ್ಟಿನಿಂದ. ಭೂವಿಜ್ಞಾನಿಗಳು ಮಾತ್ರ ನಮ್ಮೂರಿನ ಹೆಸರನ್ನು ಇನ್ನೊಂದು ಕಾರಣಕ್ಕೆ ಹೇಳುತ್ತಾರೆ. ಗೊರೂರು, ಹಾಸನದ ಸುತ್ತಲಿನ ನೈಸ್ ಶಿಲೆ, ಅಂದರೆ ಕಪ್ಪು ಬಿಳುಪು ಪಟ್ಟೆಗಳಿರುವ ನಮ್ಮ ಸಾಮಾನ್ಯ ಬಂಡೆ, ಸುಮಾರು 330 ಕೋಟಿ ವರ್ಷ ಹಳೆಯದೆಂದು ಅವರು ಅಳೆದಿದ್ದಾರೆ. ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಪಕ್ಕದಲ್ಲೇ ಹಾದುಹೋಗುವ ಹೊಳೆನರಸೀಪುರದ ಶಿಸ್ಟ್ ಪಟ್ಟಿಯೂ ಅದರ ಓರಗೆಯದೇ. ನಾವು ಹಸು ಕಟ್ಟುವ ಗೂಟ, ರಾಗಿ ಒಕ್ಕುವ ಕಣ, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಆ ವಯಸ್ಸಿನ ಶಿಲೆ. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇಷ್ಟು ಹಳೆಯ, ಇಷ್ಟು ಬಿಗಿಯಾದ ಕಲ್ಲಿಗೆ ಒಂದು ಕೊರತೆ. ಮರಳುಗಲ್ಲಿನ ಹಾಗೆ ಮೈಯೊಳಗೆ ನೀರು ಹಿಡಿದಿಟ್ಟುಕೊಳ್ಳುವ ಸೂಕ್ಷ್ಮ ರಂಧ್ರಗಳು ಇದಕ್ಕಿಲ್ಲ. ಮೇಲಿನ ಹತ್ತಿಪ್ಪತ್ತು ಮೀಟರಿನ ಗರಸು ಮಣ್ಣು ಮತ್ತು ಕೊಳೆತ ಕಲ್ಲಿನಲ್ಲಿ ನೀರು ನಿಲ್ಲುತ್ತದೆ. ಅದರ ಕೆಳಗೆ ನೀರಿಗೆ ಇರುವುದು ಬಿರುಕು ಮಾತ್ರ. ಕೊಳವೆಬಾವಿಗೆ ನೀರು ಸಿಕ್ಕಿತು ಎಂದರೆ ನಮ್ಮ ಆರೂವರೆ ಇಂಚಿನ ತೂತು ಅಂಥದೊಂದು ಬಿರುಕನ್ನು ತಾಗಿತು ಎಂದು ಅರ್ಥ. ಪಕ್ಕದ ಜಮೀನಿನವರು ಮೂವತ್ತು ಅಡಿ ಆಚೆ ಕೊರೆಸಿ ಬರೀ ದೂಳು ನೋಡಿದರೆ ಅದು ಅವರ ಗ್ರಹಚಾರವಲ್ಲ, ಬಿರುಕು ಅವರ ತೂತಿನ ಕಡೆ ತಿರುಗಿರಲಿಲ್ಲ ಅಷ್ಟೇ.

ಇಲ್ಲಿ ಒಂದು ಲೆಕ್ಕವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬಿರುಕಿನ ಅಗಲ ಎರಡರಷ್ಟಾದರೆ ಅದರಲ್ಲಿ ಹರಿಯುವ ನೀರು ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಹಾಗೆಯೇ ಕೆಸರು ತುಂಬಿ ಬಿರುಕು ಅರ್ಧಕ್ಕೆ ಕಿರಿದಾದರೆ ನೀರು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾವು ನೀರನ್ನು ಇಂಚಿನಲ್ಲಿ ಹೇಳುತ್ತೇವಲ್ಲ, ಅಲ್ಲಿಯೂ ಇಂಥದೇ ಮೋಸವಿದೆ. ಬೋರು ಕೊರೆದ ದಿನ ತಗಡಿನಲ್ಲಿ ಮೂರು ಮೂಲೆಯ ಕಚ್ಚು ಮಾಡಿ, ಅದರ ಮೇಲೆ ಹಾದುಹೋಗುವ ನೀರಿನ ಎತ್ತರವನ್ನು ಅಳೆಯುತ್ತಾರೆ. ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರು. ಎರಡು ಇಂಚು ಎಂದರೆ ಸಾವಿರವಲ್ಲ, ಮೂರು ಸಾವಿರದ ಹತ್ತಿರ. ಅರ್ಧ ಇಂಚು ಎಂದರೆ ಗಂಟೆಗೆ ನೂರು ಲೀಟರೂ ಇಲ್ಲ. ಆ ಯಜಮಾನರು "ಎರಡರಿಂದ ಅರ್ಧಕ್ಕೆ ಬಂತು" ಅಂದಾಗ ಅವರು ಕಳೆದುಕೊಂಡದ್ದು ನಾಲ್ಕರಲ್ಲಿ ಮೂರು ಪಾಲಲ್ಲ. ಮೂವತ್ತು ಕೊಡದಲ್ಲಿ ಇಪ್ಪತ್ತೊಂಬತ್ತು. ಹಾಗಾಗಿ ಬಿರುಕನ್ನು ಒಂದು ಕೂದಲೆಳೆಯಷ್ಟು ತೆರೆದರೂ ಲಾಭವಿದೆ ಎಂಬ ಆಸೆ ಹುಟ್ಟುವುದು ಸಹಜ.

ಕಲ್ಲು ಸೀಳುವುದು ನಮ್ಮವರಿಗೆ ಹೊಸದಲ್ಲ. ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು, ಸುತ್ತಿಗೆಯಿಂದ ಒಂದೊಂದೇ ಏಟು ಹಾಕುತ್ತ ಹೋಗುವ ಕಲ್ಲುಕುಟಿಗರನ್ನು ಎಲ್ಲರೂ ನೋಡಿದ್ದೀರಿ. ಬಂಡೆಯನ್ನು ಅವರು ಜಜ್ಜುವುದಿಲ್ಲ, ಎರಡು ಕಡೆಗೆ ನೂಕುತ್ತಾರೆ. ಗ್ರಾನೈಟು ಒತ್ತಡವನ್ನು ಎಷ್ಟು ತಡೆಯುತ್ತದೋ ಅದರ ಹತ್ತರಲ್ಲಿ ಒಂದು ಪಾಲು ಸೆಳೆತವನ್ನು ಕೂಡ ತಡೆಯದು. ಆನೆ ಹತ್ತಿದರೂ ಅಲುಗದ ಚಪ್ಪಡಿ ಬೆಣೆಗೆ ಬಾಯಿಬಿಡುವುದು ಅದಕ್ಕೇ. ನೂರಾರು ಅಡಿ ಆಳದಲ್ಲಿ ಸುತ್ತಿಗೆ ಬೆಣೆ ಎರಡೂ ಇಳಿಯುವುದಿಲ್ಲವಲ್ಲ. ಅಲ್ಲಿ ಬೆಣೆಯ ಕೆಲಸವನ್ನು ದ್ರವ ಮಾಡಬೇಕು. ತೂತಿನಲ್ಲಿ ದ್ರವವನ್ನು ಮುಚ್ಚಿ, ಮೇಲಿನಿಂದ ಪಂಪಿನಲ್ಲಿ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಕಲ್ಲು ಬಿರಿಯುತ್ತದೆ, ಇಲ್ಲವೇ ಮೊದಲೇ ಇದ್ದ ಬಿರುಕು ತೆರೆದುಕೊಳ್ಳುತ್ತದೆ. ಆ ದ್ರವ ಯಾವುದಾಗಿರಬೇಕು ಎಂಬುದೇ ಇವತ್ತಿನ ಪ್ರಶ್ನೆ.

ಅಮೆರಿಕದ ಎಣ್ಣೆ ಬಾವಿಗಳವರು ಮೊದಲು ಮಾಡಿದ್ದು ಸ್ಫೋಟ. 1860ರ ದಶಕದಲ್ಲಿ ಎಡ್ವರ್ಡ್ ರಾಬರ್ಟ್ಸ್ ಎಂಬ ಸೇನಾಧಿಕಾರಿ ಬಾವಿಯೊಳಗೆ ಸಿಡಿಮದ್ದಿನ ಕೊಳವೆ ಇಳಿಸಿ ಸಿಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಬಾವಿಗಳ ಇಳುವರಿ ಹೆಚ್ಚಿತು. ಮದ್ದು ಸಾಗಿಸುವವರ ಜೀವವೂ ಹೋಯಿತು. ಒತ್ತಡದಿಂದ ಬಿರಿಸುವ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಸ್ಥಳ ಕಾನ್ಸಾಸ್ ರಾಜ್ಯದ ಹ್ಯೂಗೊಟನ್ ಅನಿಲ ಕ್ಷೇತ್ರ. ಸ್ಟಾನೊಲಿಂಡ್ ಎಂಬ ಕಂಪನಿ ಅಲ್ಲಿ 2,400 ಅಡಿ ಆಳದ ಸುಣ್ಣಕಲ್ಲಿಗೆ 1,000 ಗ್ಯಾಲನ್ ಗಟ್ಟಿ ಮಾಡಿದ ಪೆಟ್ರೋಲನ್ನೂ ಅರ್ಕಾನ್ಸಾಸ್ ನದಿಯ ಮರಳನ್ನೂ ಒತ್ತಿತು. ಬಾವಿಯ ಇಳುವರಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಆದರೂ ಅವರು ಕೈಬಿಡಲಿಲ್ಲ. 1949ರ ಮಾರ್ಚ್ 17ರಂದು ಹ್ಯಾಲಿಬರ್ಟನ್ ಕಂಪನಿ ಒಕ್ಲಹೋಮಾದಲ್ಲೊಂದು, ಟೆಕ್ಸಾಸಿನಲ್ಲೊಂದು ಬಾವಿಗೆ ಇದೇ ಚಿಕಿತ್ಸೆಯನ್ನು ವ್ಯಾಪಾರವಾಗಿ ಮಾಡಿತು. ಈ ಸಲ ಒತ್ತಿದ್ದು ಅಲ್ಲಿಯೇ ಸಿಕ್ಕಿದ ಕಚ್ಚಾ ಎಣ್ಣೆ ಅಥವಾ ಕಚ್ಚಾ ಎಣ್ಣೆಗೆ ಪೆಟ್ರೋಲ್ ಬೆರೆಸಿದ್ದು, ಜೊತೆಗೆ ಒಂದೆರಡು ಮೂಟೆ ಮರಳು. ಮೊದಲ ವರ್ಷವೇ 332 ಬಾವಿಗಳು ಈ ಚಿಕಿತ್ಸೆ ಪಡೆದವು, ಇಳುವರಿ ಸರಾಸರಿ ಶೇಕಡಾ 75ರಷ್ಟು ಏರಿತು.

ನೀರು ಅಗ್ಗ, ಎಣ್ಣೆ ತುಟ್ಟಿ. ಆದರೂ ಅವರು ಎಣ್ಣೆಯನ್ನೇ ಯಾಕೆ ಹಿಡಿದರು? ಇದಕ್ಕೆ ಉತ್ತರ ನಮ್ಮ ಎರೆಹೊಲದಲ್ಲಿದೆ. ಬೇಸಿಗೆಯಲ್ಲಿ ಎರೆಭೂಮಿ ಕಾಲು ಇಳಿಯುವಷ್ಟು ಅಗಲವಾಗಿ ಬಾಯಿ ಬಿಡುತ್ತದೆ. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಆ ಬಿರುಕು ಎಲ್ಲಿತ್ತು ಎಂದು ಹುಡುಕಿದರೂ ಸಿಗದು. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ. ಎಣ್ಣೆ, ಅನಿಲ ಇರುವ ಮರಳುಗಲ್ಲಿನ ರಂಧ್ರಗಳಲ್ಲಿಯೂ ಎಷ್ಟೋ ಕಡೆ ಇದೇ ಜಾತಿಯ ಜೇಡಿ ಅಂಟಿಕೊಂಡಿರುತ್ತದೆ. ಅಲ್ಲಿ ನೀರು ಒತ್ತಿದರೆ ಒಂದು ಕಡೆ ಬಿರುಕು ತೆರೆಯುತ್ತೇವೆ, ಇನ್ನೊಂದು ಕಡೆ ಅದರ ಗೋಡೆಯ ರಂಧ್ರಗಳನ್ನೆಲ್ಲ ಮುಚ್ಚುತ್ತೇವೆ. ಎಣ್ಣೆಗೆ ಜೇಡಿ ಉಬ್ಬುವುದಿಲ್ಲ. ಮಕ್ಕಳಿಗೆ ಇದನ್ನು ಮನೆಯಲ್ಲೇ ತೋರಿಸಬಹುದು: ಎರೆಮಣ್ಣಿನ ಎರಡು ಒಣ ಹೆಂಟೆ ತೆಗೆದುಕೊಂಡು ಒಂದನ್ನು ನೀರಿನ ಲೋಟಕ್ಕೂ ಇನ್ನೊಂದನ್ನು ಕೊಬ್ಬರಿ ಎಣ್ಣೆಯ ಲೋಟಕ್ಕೂ ಹಾಕಿ. ನೀರಿನದು ಸ್ವಲ್ಪ ಹೊತ್ತಿಗೆ ಉಬ್ಬಿ, ಬಿರಿದು, ರಾಡಿಯಾಗುತ್ತದೆ. ಎಣ್ಣೆಯದು ಹಾಕಿದ ಹಾಗೇ ಕೂತಿರುತ್ತದೆ. ಎಣ್ಣೆ ಒತ್ತುವುದರಲ್ಲಿ ಮತ್ತೂ ಒಂದು ಅನುಕೂಲ ಅವರಿಗಿತ್ತು. ಒಳಗೆ ಬಿಟ್ಟ ಎಣ್ಣೆ ಕೊನೆಗೆ ಬಾವಿಯ ಎಣ್ಣೆಯ ಜೊತೆಗೇ ಮೇಲೆ ಬರುತ್ತದೆ, ಮಾರಾಟಕ್ಕೂ ಹೋಗುತ್ತದೆ.

ಇನ್ನು ಎಣ್ಣೆಯನ್ನು ಗಟ್ಟಿ ಮಾಡುವ ವಿಷಯ. ತೆಳುವಾದ ಡೀಸೆಲ್ ಅಥವಾ ಪೆಟ್ರೋಲ್ ಹಾಗೆಯೇ ಒತ್ತಿದರೆ ಕಲ್ಲಿನ ರಂಧ್ರಗಳಿಗೆ ಸೋರಿಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ, ಮರಳನ್ನು ಹೊತ್ತು ಸಾಗುವ ಶಕ್ತಿಯೂ ಅದಕ್ಕಿಲ್ಲ. ಮರಳು ಯಾಕೆ ಬೇಕೆಂದರೆ, ಪಂಪು ನಿಲ್ಲಿಸಿದೊಡನೆ ಬಿರುಕು ಮತ್ತೆ ಮುಚ್ಚಿಕೊಳ್ಳಬಾರದು. ಬಾಗಿಲ ಸಂದಿನಲ್ಲಿ ಕಲ್ಲು ಸಿಕ್ಕಿಸಿದ ಹಾಗೆ ಮರಳ ಕಾಳುಗಳು ನಡುವೆ ನಿಲ್ಲಬೇಕು. ಅದಕ್ಕೆ ದ್ರವ ಲೋಳೆಯಂತಿರಬೇಕು. ಎತ್ತಿನ ಗಾಡಿ ಇಟ್ಟಿದ್ದ ಮನೆಯವರಿಗೆ ಕೀಲೆಣ್ಣೆ ನೆನಪಿರಬೇಕು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಮೂಕಿಗೆ ಕಟ್ಟುತ್ತಿದ್ದರು. ಬರೀ ಎಣ್ಣೆ ಅಚ್ಚಿನಿಂದ ಜಾರಿಹೋಗುತ್ತದೆ, ಗಟ್ಟಿ ಮಾಡಿದ್ದು ಅಂಟಿಕೊಂಡು ನಿಲ್ಲುತ್ತದೆ. ಈಗಿನ ಗ್ರೀಸು ಕೂಡ ಅದೇ, ಎಣ್ಣೆಗೆ ಲೋಹದ ಸಾಬೂನು ಬೆರೆಸಿ ಗಟ್ಟಿ ಮಾಡಿದ್ದು. ಎಣ್ಣೆ ಬಾವಿಯವರು ಹಿಡಿದದ್ದೂ ಇದೇ ದಾರಿಯನ್ನು, ಅಲ್ಯೂಮಿನಿಯಂ ಸಾಬೂನನ್ನು.

ಆ ಸಾಬೂನಿನ ಹೆಸರು ಕೇಳಿದರೆ ನಿಮಗೆ ಗಾಬರಿಯಾಗಬಹುದು. ಅದು ನೇಪಾಮ್. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿ ಫೀಸರ್ ಎಂಬ ರಸಾಯನ ವಿಜ್ಞಾನಿಯ ತಂಡ ಬೆಂಕಿಬಾಂಬಿಗಾಗಿ ತಯಾರಿಸಿದ ಪುಡಿ. ಪೆಟ್ರೋಲಿಗೆ ಬೆರೆಸಿದರೆ ಅದು ಮೈಗೆ ಅಂಟಿ ಉರಿಯುವ ಲೋಳೆಯಾಗುತ್ತದೆ. ವಿಯೆಟ್ನಾಂ ಹಳ್ಳಿಗಳ ಮೇಲೆ ಸುರಿದದ್ದು ಅದೇ ವಂಶದ ಬೆಂಕಿ. ಆ ಪುಡಿಯಲ್ಲಿ ದೊಡ್ಡ ಪಾಲು ತೆಂಗಿನೆಣ್ಣೆಯಿಂದ ತೆಗೆದ ಕೊಬ್ಬಿನಾಮ್ಲ. ಕೊಬ್ಬರಿಯನ್ನೇ ನಂಬಿ ಬದುಕುವ ಚನ್ನರಾಯಪಟ್ಟಣ, ಅರಸೀಕೆರೆ ಸೀಮೆಯಲ್ಲಿ ನಿಂತು ಇದನ್ನು ಹೇಳುವಾಗ ನನಗೆ ಕಷ್ಟವಾಗುತ್ತದೆ. ಮಗುವಿನ ನೆತ್ತಿಗೆ ತಟ್ಟುವ ಎಣ್ಣೆಯ ಸತ್ವ ಯುದ್ಧಕ್ಕೂ ಹೋಯಿತು, ಯುದ್ಧ ಮುಗಿದ ಎರಡೇ ವರ್ಷಕ್ಕೆ ಕಾನ್ಸಾಸಿನ ಬಾವಿಗೂ ಇಳಿಯಿತು.

ಬಂಡೆ ಬಿರಿದ ಮೇಲೆ ಲೋಳೆ ಲೋಳೆಯಾಗಿಯೇ ಉಳಿಯಬಾರದು. ತೆಳುವಾಗಿ ಹೊರಗೆ ಬರಬೇಕು, ಮರಳು ಒಳಗೇ ನಿಲ್ಲಬೇಕು. ನಮ್ಮ ತಾಯಂದಿರು ಗಂಜಿಗೆ ಎಂಜಲು ಸೌಟು ಹಾಕಬೇಡಿ, ನೀರೊಡೆಯುತ್ತದೆ ಎನ್ನುತ್ತಿದ್ದರು. ಎಂಜಲಿನಲ್ಲಿರುವ ಕಿಣ್ವ ಗಂಜಿಯ ಪಿಷ್ಟವನ್ನು ಒಡೆದು ತೆಳು ಮಾಡುತ್ತದೆ. ಬಾವಿಯ ಲೋಳೆಗೂ ಅಂಥ ಒಡೆಯುವ ಪದಾರ್ಥವನ್ನು ಮೊದಲೇ ಬೆರೆಸಿ ಕಳಿಸುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ಅದು ತನ್ನ ಕೆಲಸ ಶುರುಮಾಡಬೇಕು. ಮುಂದಿನ ದಶಕಗಳಲ್ಲಿ ಸಾಬೂನು ಹೋಗಿ ಅಲ್ಯೂಮಿನಿಯಂ ಅಥವಾ ಕಬ್ಬಿಣದೊಡನೆ ಫಾಸ್ಫೇಟ್ ಎಸ್ಟರ್ ಎಂಬ ಸಂಯುಕ್ತ ಬಂತು. ಡೀಸೆಲ್ಲಿಗೆ ಇದನ್ನು ಬೆರೆಸಿದರೆ ಹೆಚ್ಚು ಬಿಸಿಯಲ್ಲೂ ಕರಗದ ಲೋಳೆ ಸಿಗುತ್ತದೆ. ಅದನ್ನು ಒಡೆಯಲು ನಿಧಾನವಾಗಿ ಕರಗುವ ಸುಣ್ಣದಂಥ ಕ್ಷಾರ. ಕೆನಡಾದಲ್ಲಿ ಇನ್ನೂ ಮುಂದೆ ಹೋಗಿ ನಮ್ಮ ಅಡುಗೆ ಅನಿಲದ ಪ್ರೊಪೇನನ್ನೇ ಲೋಳೆ ಮಾಡಿ ಒತ್ತಿದರು.

ಕಷ್ಟಗಳೂ ಕಡಿಮೆಯಿರಲಿಲ್ಲ. ಎಲ್ಲಕ್ಕಿಂತ ಮೊದಲು ಬೆಂಕಿ. ಒತ್ತಡದಲ್ಲಿರುವ ಪೆಟ್ರೋಲಿನ ಪೈಪು ಒಂದು ಕಡೆ ಸೀಳಿದರೆ ಸಾಕು. ಆಮೇಲೆ ತೂಕ. ಡೀಸೆಲ್ ನೀರಿಗಿಂತ ಹಗುರ. 2,400 ಅಡಿ ಆಳದಲ್ಲಿ ನೀರಿನ ಕಂಬ ತನ್ನ ತೂಕದಿಂದಲೇ ಪ್ರತಿ ಚದರ ಸೆಂಟಿಮೀಟರಿಗೆ 73 ಕಿಲೋ ಒತ್ತಡ ಕೊಟ್ಟರೆ ಡೀಸೆಲ್ ಕಂಬ 60ರ ಆಸುಪಾಸಿನಲ್ಲಿ ಕೊಡುತ್ತದೆ. ಉಳಿದದ್ದನ್ನು ಪಂಪು ತುಂಬಿಕೊಡಬೇಕು. ಜೊತೆಗೆ ಖರ್ಚು. ಹೀಗಾಗಿ 1953ರಿಂದಲೇ ನೀರು ಒಳಗೆ ಬಂತು, ಜೇಡಿ ಉಬ್ಬದ ಹಾಗೆ ಉಪ್ಪು ಬೆರೆಸುವುದನ್ನೂ ಕಲಿತರು. ಎಣ್ಣೆಯ ಲೋಳೆ ನೀರಿಗೆ ತೀರಾ ಸೂಕ್ಷ್ಮವಾದ ಕಲ್ಲುಗಳಿಗೆ ಮಾತ್ರ ಉಳಿಯಿತು.

ನೀರನ್ನು ಲೋಳೆ ಮಾಡಲು ಅವರಿಗೆ ಸಿಕ್ಕಿದ್ದು ಏನು ಗೊತ್ತೇ? ನಮ್ಮ ಗೋರಿಕಾಯಿ. ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುತ್ತಾರೆ. ನಾವು ಎಳೆಯದನ್ನು ಕಿತ್ತು ಪಲ್ಯ ಮಾಡಿ ಮುಗಿಸುತ್ತೇವೆ. ರಾಜಸ್ಥಾನದವರು ಬಲಿಯಲು ಬಿಟ್ಟು, ಬೀಜ ಒಡೆದು, ಗೋಂದು ತೆಗೆಯುತ್ತಾರೆ. ಗೋರಿಕಾಯಿಯನ್ನೇ ಅವರು ಗ್ವಾರ್ ಎನ್ನುವುದು. ಒಂದು ಚಮಚ ಪುಡಿ ಒಂದು ತಂಬಿಗೆ ನೀರನ್ನು ಬೆಂಡೆಕಾಯಿಯ ಲೋಳೆಗಿಂತ ಗಟ್ಟಿ ಮಾಡುತ್ತದೆ. ಪ್ರಪಂಚದ ಗ್ವಾರಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಬೆಳೆಯುವುದು ಭಾರತದಲ್ಲಿ. ಅಮೆರಿಕದಲ್ಲಿ ಬಂಡೆ ಬಿರಿಸುವ ಕೆಲಸ ಉಕ್ಕಿದಾಗ, 2011-12ರಲ್ಲಿ, ಈ ಗೋಂದಿನ ಬೆಲೆ ಕ್ವಿಂಟಾಲಿಗೆ ಲಕ್ಷ ರೂಪಾಯಿಯ ಹತ್ತಿರಕ್ಕೆ ಏರಿ, 2012ರ ಮಾರ್ಚಿನಲ್ಲಿ ಸರ್ಕಾರ ಅದರ ಮುಂಗಡ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಮಳೆ ನೆಚ್ಚಿದ ಮರುಭೂಮಿಯ ರೈತ ಆ ವರ್ಷ ಕಂಡ ದುಡ್ಡನ್ನು ಮತ್ತೆ ಕಾಣಲಿಲ್ಲ. ಎಣ್ಣೆಯಲ್ಲಿ ಮಾತ್ರ ಈ ಗೋಂದು ಕರಗದು. ಡೀಸೆಲ್ಲಿಗೆ ಹಾಕಿದರೆ ಮರಳಿನಂತೆ ತಳಕ್ಕೆ ಕೂರುತ್ತದೆ.

ಈಗ ಯಜಮಾನರ ಡೀಸೆಲ್ ಡ್ರಮ್ಮಿಗೆ ಬರುತ್ತೇನೆ. ಎಣ್ಣೆ ಬಾವಿಯಲ್ಲಿ ನಾವು ಹೊರಗೆ ತೆಗೆಯುವುದು ಎಣ್ಣೆ. ಒಳಗೆ ಎಣ್ಣೆ ಬಿಟ್ಟರೆ ಅದು ತನ್ನವರ ಜೊತೆ ಸೇರುತ್ತದೆ. ನಮ್ಮ ಬೋರಿನಿಂದ ತೆಗೆಯುವುದು ನೀರು; ಹಸು, ಎಮ್ಮೆ, ಮಕ್ಕಳು ಕುಡಿಯುವ ನೀರು. ಬಿರುಕು ಎಂದರೆ ಎರಡು ಕಡೆಗೂ ತೆರೆದ ದಾರಿ. ಒತ್ತಿದ ಡೀಸೆಲ್ ಬಿರುಕಿನ ಉದ್ದಕ್ಕೂ ಹರಡಿ, ಕಲ್ಲಿನ ಒರಟು ಮೈಗೆ ಹತ್ತಿಕೊಂಡು ಕೂರುತ್ತದೆ. ಆಮೇಲೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಟ್ಟುಕೊಡುತ್ತದೆ. ಡೀಸೆಲ್ಲಿನಲ್ಲಿ ಬೆನ್ಜೀನ್ ಜಾತಿಯ ಪದಾರ್ಥಗಳಿವೆ. ಬೆನ್ಜೀನ್ ಕ್ಯಾನ್ಸರ್ ತರುವುದು ಸಂಶಯಾತೀತ. ಕುಡಿಯುವ ಒಂದು ಲೀಟರು ನೀರಿನಲ್ಲಿ ಅದು ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಂದರೆ ಒಂದೇ ಒಂದು ಗ್ರಾಂ ಬೆನ್ಜೀನ್ ಒಂದು ಲಕ್ಷ ಲೀಟರು ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ನಮ್ಮ ಒಂದು ಹಟ್ಟಿಯ ಜನ ಎಷ್ಟೋ ದಿನ ಬಳಸುವ ನೀರು ಅದು.

ಎಣ್ಣೆಯ ದೇಶವಾದ ಅಮೆರಿಕವೇ ಈ ಪಾಠವನ್ನು ತಡವಾಗಿ ಕಲಿತಿದೆ. ಕುಡಿಯುವ ನೀರಿನ ಪದರಗಳ ಪಕ್ಕದ ಕಲ್ಲಿದ್ದಲು ಅನಿಲದ ಬಾವಿಗಳಿಗೆ ಡೀಸೆಲ್ ಬಿಡುವುದಿಲ್ಲ ಎಂದು 2003ರಲ್ಲಿ ಮೂರು ದೊಡ್ಡ ಕಂಪನಿಗಳು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡವು. 2005ರ ಇಂಧನ ಕಾಯಿದೆ ಬಂಡೆ ಬಿರಿಸುವ ದ್ರವಗಳಿಗೆಲ್ಲ ಕುಡಿಯುವ ನೀರಿನ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ತಪ್ಪೆಂದೇ ನನ್ನ ಭಾವನೆ. ಅಷ್ಟು ಉದಾರವಾದ ಕಾಯಿದೆ ಕೂಡ ಡೀಸೆಲ್ಲನ್ನು ಮಾತ್ರ ಹೊರಗಿಟ್ಟಿತು. ಡೀಸೆಲ್ ಬಿಡಬೇಕಾದರೆ ಪರವಾನಗಿ ಬೇಕು ಎಂದಿತು. ಆದರೂ 2005ರಿಂದ 2009ರವರೆಗೆ 19 ರಾಜ್ಯಗಳಲ್ಲಿ ಡೀಸೆಲ್ ಅಥವಾ ಡೀಸೆಲ್ ಬೆರೆತ ದ್ರವ 3.2 ಕೋಟಿ ಗ್ಯಾಲನ್ ಬಾವಿಗಳಿಗೆ ಇಳಿದಿತ್ತೆಂದು ಅಲ್ಲಿನ ಸಂಸತ್ತಿನ ಸದಸ್ಯರ ವಿಚಾರಣೆಯಲ್ಲಿ ಹೊರಬಂತು.

ಇದು ದೂರದ ಕಥೆಯೆಂದು ಭಾವಿಸಬೇಡಿ. ನಮ್ಮ ಹೇಮಾವತಿ ಕಾವೇರಿಗೆ ಸೇರಿ ಕೊನೆಗೆ ಮುಟ್ಟುವ ತಂಜಾವೂರು, ನಾಗಪಟ್ಟಣದ ನೆಲದಡಿ ಎಣ್ಣೆಯೂ ಇದೆ, ಅನಿಲವೂ ಇದೆ. ಅಲ್ಲಿನ ಭತ್ತದ ರೈತರು ಅಂತರ್ಜಲ ಕೆಡುತ್ತದೆಂದು ವರ್ಷಗಟ್ಟಲೆ ಹೋರಾಡಿದ ಮೇಲೆ ತಮಿಳುನಾಡು 2020ರಲ್ಲಿ ಕಾನೂನು ತಂದು ಆ ಮುಖಜ ಭೂಮಿಯನ್ನು ರಕ್ಷಿತ ಕೃಷಿ ವಲಯ ಎಂದು ಸಾರಿತು. ನಮ್ಮ ಗೊರೂರಿನ ಕಲ್ಲಿನಲ್ಲಿ ಎಣ್ಣೆಯಿಲ್ಲ, ಇರುವುದು ಸಾಧ್ಯವೂ ಇಲ್ಲ. ಜೀವರಾಶಿ ಕೊಳೆತು ಪದರಗಟ್ಟಿದ ಮಡ್ಡಿಶಿಲೆ ಇದಲ್ಲ. ಹಾಸನದ ನೆಲದಡಿ ಹರಿಯುವ ಡೀಸೆಲ್ ಒಂದೇ, ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಸುಮಾರು 360 ಕಿಲೋಮೀಟರು ಉದ್ದದ ಪೈಪಿನದು. ಅದು ಉಕ್ಕಿನ ಪೈಪಿನೊಳಗೇ ಇರಲಿ.

ನೀರಿಗೆ ಎಣ್ಣೆ ಸೇರಿದರೆ ಏನಾಗುತ್ತದೆಂದು ನಾನು ಪುಸ್ತಕದಲ್ಲಿ ಕಲಿಯಲಿಲ್ಲ. ಕಂಪ್ರೆಸರ್ ಹಾಕಿ ಬೋರಿನ ನೀರೆತ್ತುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಮ್ಮ ಬಂಧುಗಳ ತೋಟದಲ್ಲಿ ಅಂಥದೊಂದಿತ್ತು. ಯಂತ್ರದ ಉಂಗುರ ಸವೆದು ಗಾಳಿಯ ಜೊತೆ ಆಯಿಲ್ ಕೆಳಗಿಳಿಯುತ್ತಿತ್ತು. ಹಂಡೆಗೆ ತುಂಬಿದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಆ ಮನೆಯ ಅಜ್ಜಿ ಲೋಟ ಮೂಗಿಗೆ ಹಿಡಿದು, "ಈ ನೀರು ನಾನೊಲ್ಲೆ ಕಣಪ್ಪ, ದನವೂ ಮೂಸಿ ಬಿಡ್ತು" ಎಂದರು. ಕಂಪ್ರೆಸರ್ ತೆಗೆದು ಸಬ್‌ಮರ್ಸಿಬಲ್ ಇಳಿಸಿದ ಮೇಲೂ ಆ ವಾಸನೆ ಹೋಗಲು ಎರಡು ಮಳೆಗಾಲ ಹಿಡಿಯಿತು. ಅಲ್ಲಿಗೆ ಇಳಿದಿದ್ದ ಎಣ್ಣೆ ಎಲ್ಲ ಸೇರಿ ಒಂದೆರಡು ಲೀಟರು ಇದ್ದೀತು. ಯಜಮಾನರು ಬಿಡಬೇಕೆಂದಿದ್ದು ಇನ್ನೂರು ಲೀಟರು.

ಹಾಗಾದರೆ ಬಂಡೆ ಬಿರಿಸುವುದೇ ಬೇಡವೇ? ಬೇಕಾದ ಕಡೆ ಬೇಕು. ಅದಕ್ಕೆ ನೀರೇ ಸಾಕು. ನಮ್ಮ ಕಲ್ಲಿನಲ್ಲಿ ಜೇಡಿ ಉಬ್ಬುವ ಭಯ ಕಡಿಮೆ. ನಾವು ತೆಗೆಯುವುದೂ ನೀರೇ, ಒತ್ತುವುದೂ ನೀರೇ. ಇದಕ್ಕೆ ಕಸುಬಿನವರು ಹೈಡ್ರೋಫ್ರ್ಯಾಕ್ಚರಿಂಗ್ ಎನ್ನುತ್ತಾರೆ. ಕೇಸಿಂಗ್ ಪೈಪಿನ ಕೆಳಗೆ, ಗಟ್ಟಿ ಬಂಡೆ ಇರುವ ಕಡೆ ಪ್ಯಾಕರ್ ಎಂಬ ರಬ್ಬರಿನ ಬಿರಡೆಯನ್ನು ಇಳಿಸಿ ಉಬ್ಬಿಸುತ್ತಾರೆ. ಅದರ ನಡುವಿನ ಕೊಳವೆಯಿಂದ ಶುದ್ಧ ನೀರನ್ನು ಹೆಚ್ಚಿನ ಒತ್ತಡದಲ್ಲಿ ಬಿಡುತ್ತಾರೆ. ಆರೂವರೆ ಇಂಚಿನ ತೂತು ಪ್ರತಿ ಮೀಟರಿಗೆ ಸುಮಾರು 21 ಲೀಟರು ಹಿಡಿಯುತ್ತದೆ, ನೂರು ಮೀಟರಿಗೆ ಎರಡು ಸಾವಿರ ಲೀಟರು, ಉಳಿದದ್ದು ಬಿರುಕಿಗೆ. ಒಂದು ಟ್ಯಾಂಕರು ನೀರು ಪಕ್ಕದಲ್ಲಿದ್ದರೆ ಕೆಲಸ ನಡೆಯುತ್ತದೆ. ಒತ್ತಡದ ಮುಳ್ಳು ಏರುತ್ತ ಏರುತ್ತ ಹೋಗಿ ಥಟ್ಟನೆ ಕುಸಿಯುತ್ತದೆ. ಒಳಗೆ ಒಂದು ದಾರಿ ತೆರೆಯಿತು ಎಂಬುದಕ್ಕೆ ಅದೇ ಗುರುತು. ಆ ಗಳಿಗೆಯಲ್ಲಿ ಅಲ್ಲಿ ನಿಂತವರ ಮುಖ ನೋಡಬೇಕು. ಹೆರಿಗೆ ಮನೆಯ ಹೊರಗೆ ಕಾದು ನಿಂತವರು ಮಗುವಿನ ಅಳು ಕೇಳಿದ ಹಾಗೆ. ನಮ್ಮ ಕಲ್ಲಿನಲ್ಲಿ ಸಾಮಾನ್ಯವಾಗಿ ಮರಳನ್ನೂ ಬಿಡುವುದಿಲ್ಲ. ಬಿರುಕಿನ ಎರಡು ಮುಖಗಳು ಕೊಂಚ ಜರುಗಿದರೂ ಅವುಗಳ ಉಬ್ಬುತಗ್ಗು ಮೊದಲಿನಂತೆ ಕೂಡಿಕೊಳ್ಳುವುದಿಲ್ಲ, ತಾವೇ ಒಂದನ್ನೊಂದು ಎತ್ತಿ ಹಿಡಿಯುತ್ತವೆ.

ಈ ಚಿಕಿತ್ಸೆ ನೀರನ್ನು ಹುಟ್ಟಿಸುವುದಿಲ್ಲ. ಪಕ್ಕದಲ್ಲಿ ನೀರಿದ್ದು ದಾರಿ ಕಟ್ಟಿಕೊಂಡಿದ್ದರೆ ದಾರಿ ಬಿಡಿಸುತ್ತದೆ. ಸುತ್ತಿನ ಜಲಮಟ್ಟವೇ ಕುಸಿದಿದ್ದರೆ ಎಷ್ಟು ಒತ್ತಿದರೂ ಒಣಬಿರುಕು ಒಣಬಿರುಕನ್ನು ಸೇರುತ್ತದೆ. ಸಾವಿರ ಅಡಿಗೆ ಇಳಿದ ಬೋರುಗಳ ನಡುವೆ ಇರುವ ಊರಿನಲ್ಲಿ ಇದನ್ನು ಮರೆಮಾಚಿ ದುಡ್ಡು ಕೇಳುವವರಿದ್ದಾರೆ, ಎಚ್ಚರ. ಕೊಳೆತ ಕಲ್ಲಿನಲ್ಲಿ ಪ್ಯಾಕರ್ ಕೂರಿಸಿದರೆ ನೀರು ಕೇಸಿಂಗ್ ಪಕ್ಕದಿಂದಲೇ ಮೇಲಕ್ಕೆ ಚಿಮ್ಮುತ್ತದೆ, ಬಾವಿ ಕೈತಪ್ಪುತ್ತದೆ. ನಿಮ್ಮ ಬೋರಿಗೆ ಒತ್ತಿದ ನೀರು ನೆರೆಯವರ ಬೋರಿನಲ್ಲಿ ಏಳುವುದೂ ಉಂಟು. ಅಂದರೆ ನೀವಿಬ್ಬರೂ ಒಂದೇ ಬಿರುಕಿನ ಪಾಲುದಾರರು ಎಂದು ಗೊತ್ತಾಗುತ್ತದೆ. ನೀವು ಅಲ್ಲಿ ಡೀಸೆಲ್ ಬಿಟ್ಟಿದ್ದರೆ ಅವರ ಕೊಡದಲ್ಲಿ ಏನು ಬರುತ್ತಿತ್ತು, ಯೋಚನೆ ಮಾಡಿ.

ನಮ್ಮ ಗೊರೂರಿನ ಅಣೆಕಟ್ಟಿನ ಏರಿಯ ಮೇಲೆ ನಿಂತರೆ 37 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ ಕಣ್ಣಿಗೆ ತುಂಬುತ್ತದೆ. ಅದರ ನೀರು ಬಾಗೂರು–ನವಿಲೆ ಸುರಂಗ ದಾಟಿ ತುಮಕೂರಿನ ಕಡೆ ಹೋಗುತ್ತದೆ. ನಾಲೆಗಿಂತ ಎತ್ತರದಲ್ಲಿರುವ ನೂರಾರು ಹಟ್ಟಿಗಳಿಗೆ, ಹೊಳೆನರಸೀಪುರದ ದಿಣ್ಣೆಯ ಹೊಲಗಳಿಗೆ, ಅರಕಲಗೂಡಿನ ಖುಷ್ಕಿ ಬದಿಗೆ ಇನ್ನೂ ಗತಿ 330 ಕೋಟಿ ವರ್ಷದ ಕಲ್ಲಿನ ಕೂದಲೆಳೆಯ ಬಿರುಕೇ. ಆ ಬಿರುಕು ಒಮ್ಮೆ ಕೆಟ್ಟರೆ ಅದನ್ನು ತೊಳೆಯುವ ಕೈ ಯಾರಿಗೂ ಇಲ್ಲ.

ಆ ಯಜಮಾನರು ಕೊನೆಗೆ ಡೀಸೆಲ್ ತರಿಸಲಿಲ್ಲ. ಎರಡು ಟ್ಯಾಂಕರ್ ನೀರು ತರಿಸಿದರು. ಎರಡನೇ ಸಲ ಒತ್ತಿದಾಗ ಮುಳ್ಳು ಕುಸಿಯಿತು. ಒಂದು ದಿನವಿಡೀ ಕೆಸರು ಬಂದು, ಮಾರನೆಯ ದಿನ ನೀರು ತಿಳಿಯಾಯಿತು. ಕಚ್ಚಿನ ತಗಡಿಟ್ಟು ಅಳೆದೆವು: ಒಂದೂಕಾಲು ಇಂಚು, ಗಂಟೆಗೆ 900 ಲೀಟರಿನ ಹತ್ತಿರ. ಹಳೆಯ ಎರಡು ಇಂಚು ಮರಳಿ ಬರಲಿಲ್ಲ. ತೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಮರ ಉಳಿದವು.

ಕೇಳುಗರಲ್ಲಿ ನನ್ನ ಬೇಡಿಕೆ ಇಷ್ಟು. ಹೊಸ ಬೋರಿಗೆ ಸಾಲ ಮಾಡುವ ಮೊದಲು ಹಳೆಯದನ್ನು ತಿಳಿದವರಿಂದ ಪರೀಕ್ಷೆ ಮಾಡಿಸಿ. ಎಷ್ಟು ಅಡಿಗೆ ಕಲ್ಲು ಸಿಕ್ಕಿತ್ತು, ಎಷ್ಟು ಅಡಿಗೆ ನೀರು ಕಂಡಿತ್ತು ಎಂಬುದನ್ನು ಕೊರೆದ ದಿನವೇ ಒಂದು ಚೀಟಿಯಲ್ಲಿ ಬರೆದಿಡಿ. ಚಿಕಿತ್ಸೆ ಮಾಡುವವರು ಮೊದಲು ಕೇಳುವುದು ಅದನ್ನೇ. ಒತ್ತುವ ಮುಂಚೆಯೂ ಆಮೇಲೂ ನೀರನ್ನು ಅಳೆಯಿಸಿ, ಕೆಲಸವಾದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿಸಿ. ಜನರೇಟರಿನ ಡೀಸೆಲ್ ಕ್ಯಾನನ್ನು ಬೋರಿನ ಬಾಯಿಂದ ದೂರ ಇಡಿ. ಡೀಸೆಲ್, ಸೀಮೆಎಣ್ಣೆ, ಸುಟ್ಟ ಆಯಿಲ್, ಏನೇ ಆಗಲಿ, ಒಂದು ಲೋಟದಷ್ಟನ್ನೂ ಕೊಳವೆಬಾವಿಗೆ ಬಿಡಲು ಯಾರಿಗೂ ಅವಕಾಶ ಕೊಡಬೇಡಿ.